ದೋಣಿ ಆಟದ ಕೊನೆ

ಗೋಕಾಕ,
ಜೂನ್ 9, 2024

ಗೆಳೆಯ ಶುಭಮ್‌ಗೆ ಗುರುಪಾದನ ಶರಣು.

ನಿನ್ನ ಹೊಸ ನಂಬರು ಹೇಗೋ ಸಂಪಾದಿಸಿ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ನೀನು "ಹಲೋ" ಅಂದೆ, ನಾನು "ಗುರ್ಯಾ ಮಾತಾಡಾಕತ್ತೇನಿ" ಅಂದೆ, ನೀನು ಕಟ್ ಮಾಡಿದೆ. ನಾಲ್ಕನೆಯ ಸಲ ಮಾಡಲು ಮುಖವಿಲ್ಲದೆ ಹುಕ್ಕೇರಿಯ ನಿನ್ನ ಸರ್ವೇ ಆಫೀಸಿನ ವಿಳಾಸಕ್ಕೆ ಟಪಾಲು ಹಾಕುತ್ತಿದ್ದೇನೆ. ಹರಿದು ಹಾಕುವ ಮೊದಲು ಒಂದು ಸಲ ಓದು, ಆಮೇಲೆ ನಿನ್ನ ಇಷ್ಟ.

ವಿಷಯ ಇಷ್ಟೇ. ಬಸ್‌ಸ್ಟ್ಯಾಂಡ್ ಹಿಂದೆ ಮುರಿಗೆಪ್ಪ ಕಾಕಾನ ವಿಡಿಯೋ ಗೇಮ್ ಅಂಗಡಿ ಇತ್ತಲ್ಲ, ಅದೇ ಜಾಗದಲ್ಲಿ ಈಗ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಕಳೆದ ತಿಂಗಳು ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ಎರಡು ಹಳೇ ಪ್ಲೇಸ್ಟೇಷನ್, ಅರವತ್ತೊಂದು ಸಿ.ಡಿ. ಒಂದು ಮಷಿನ್ ಇನ್ನೂ ನಡೆಯುತ್ತದೆ. ಸಿ.ಡಿ.ಗಳ ಮೇಲೆ ಹೆಸರಿಲ್ಲ, ಕೊಲ್ಹಾಪುರದಿಂದ ಕಾಕಾ ಗಂಟು ಕಟ್ಟಿ ತರುತ್ತಿದ್ದ ನಕಲಿ ಮಾಲು ಅದು. ಇರುವುದು ನೀನು ಮಾರ್ಕರಿನಲ್ಲಿ ಬರೆದ ನಂಬರು ಮಾತ್ರ. ಯಾವ ನಂಬರು ಯಾವ ಆಟ ಎಂಬುದು ನಿನ್ನ ನೋಟ್‌ಬುಕ್ಕಿನಲ್ಲಿತ್ತು.

ನಾನು ಯೂಟ್ಯೂಬಿನಲ್ಲಿ ಒಂದು ಚಾನೆಲ್ ಮಾಡಿದ್ದೇನೆ. ಹೋದ ಕಾಲದ ಮಷಿನ್ನುಗಳಲ್ಲಿ ಯಾರೂ ಆಡದೆ ಬಿಟ್ಟ, ಆದರೆ ಆಡಲೇಬೇಕಾದ ಆಟಗಳ ಬಗ್ಗೆ ಕನ್ನಡದಲ್ಲಿ ಹೇಳುತ್ತೇನೆ. ನಗಬೇಡ. ನಮ್ಮೂರಲ್ಲಿ ಆ ಆಟಗಳನ್ನು ಯಾಕೆ ಯಾರೂ ಆಡಲಿಲ್ಲ ಎಂದು ಯೋಚಿಸಿದರೆ ಕಾಕಾನ ಮೇಲೇ ಸಿಟ್ಟು ಬರುತ್ತದೆ. ಬಾಡಿಗೆ ಅರ್ಧ ತಾಸಿನ ಲೆಕ್ಕದಲ್ಲಿ. ಅರ್ಧ ತಾಸಿನಲ್ಲಿ ಕುಸ್ತಿ ಮುಗಿಯುತ್ತದೆ, ಕಾರ್ ರೇಸ್ ಮುಗಿಯುತ್ತದೆ, ಐದು ಓವರ್ ಕ್ರಿಕೆಟ್ ಮುಗಿಯುತ್ತದೆ. ನಿಧಾನದ ಆಟ ಮುಗಿಯುವುದಿಲ್ಲ. ಆಡಿದಷ್ಟನ್ನು ಉಳಿಸಿಟ್ಟುಕೊಂಡು ನಾಳೆ ಮುಂದುವರಿಸಬೇಕೆಂದರೆ ಮೆಮರಿ ಕಾರ್ಡ್ ಬೇಕು. ಇಡೀ ಅಂಗಡಿಗೆ ಇದ್ದದ್ದು ಒಂದೇ ಕಾರ್ಡು, ಅದು ಕಾಕಾನ ಡ್ರಾವರಿನಲ್ಲಿ. ಬೆಳಿಗ್ಗೆ ಅದನ್ನು ಹಾಕಿ, ಅದರಲ್ಲಿ ಉಳಿಸಿಟ್ಟ ಹೊಸ ಪೈಲ್ವಾನರನ್ನೂ ಹೊಸ ಕಾರುಗಳನ್ನೂ ಆಟಕ್ಕೆ ತೆರೆದುಕೊಟ್ಟರೆ ಮತ್ತೆ ಡ್ರಾವರಿಗೆ ಬೀಗ. ಹೀಗಾಗಿ ನಾವಿಬ್ಬರು ದೋಣಿ ಆಟವನ್ನು ಮೂವತ್ತು ಸಲ ಮೊದಲಿನಿಂದ ಶುರು ಮಾಡಿ, ಮೂವತ್ತು ಸಲವೂ ಮೊದಲ ಹಳ್ಳಿಯಲ್ಲೇ ಬಿಟ್ಟು ಎದ್ದಿದ್ದೆವು.

ಇಲ್ಲಿಯತನಕ ನಾಲ್ಕು ವಿಡಿಯೋ ಹಾಕಿದ್ದೇನೆ. ನೋಡಿದವರು ಎಂಬತ್ತು ಜನ, ಅದರಲ್ಲಿ ಅರ್ಧ ನಾನೇ. ಕೆಳಗೆ ಒಬ್ಬ "ಅಣ್ಣಾ, ಕುಸ್ತಿ ಹಾಕು" ಎಂದು ಬರೆದಿದ್ದಾನೆ. ತಲೆ ಕೆಟ್ಟುಹೋಗಿದೆ. ಹದಿನೇಳನೇ ನಂಬರಿನ ಸಿ.ಡಿ. ಕೆಟ್ಟಿದೆ, ಪರದೆ ಪೂರ್ತಿ ಕಪ್ಪು, ಹಾಗಂತ ವಿಡಿಯೋದಲ್ಲೇ ಹೇಳಿಬಿಟ್ಟಿದ್ದೇನೆ.

ನೋಟ್‌ಬುಕ್ ನಿನ್ನಲ್ಲಿದ್ದರೆ ಒಂದು ವಾರದ ಮಟ್ಟಿಗೆ ಕೊಡು. ಆ ಹಳೇ ವಿಷಯ ಬಿಟ್ಟುಬಿಡೋಣ. ಇಬ್ಬರೂ ಸಣ್ಣವರಿದ್ದೆವು.

ನಿನ್ನ ದೋಸ್ತ,
ಗುರುಪಾದ


ಹುಕ್ಕೇರಿ,
ಜೂನ್ 24, 2024

ಶ್ರೀ ಗುರುಪಾದ ಅವರಿಗೆ,

ತಮ್ಮ ಪತ್ರ ತಲುಪಿದೆ. ಫೋನಿನಲ್ಲಿ ತಮ್ಮೊಡನೆ ಮಾತಾಡಲು ನನಗೆ ಇಷ್ಟವಿಲ್ಲ. ಹೇಳುವುದಿದ್ದರೆ ಬರೆಯಿರಿ. ನಾನು ಹೊಲ ಅಳೆಯುವವನು, ಕಾಗದದ ಮೇಲೆ ಇಲ್ಲದ್ದನ್ನು ನಂಬುವ ರೂಢಿ ತಪ್ಪಿಹೋಗಿದೆ.

ನೋಟ್‌ಬುಕ್ ನನ್ನ ಬಳಿ ಇದೆ. ಕೊಡುವುದಿಲ್ಲ.

ತಮ್ಮ ನಾಲ್ಕೂ ವಿಡಿಯೋ ನೋಡಿದೆ. ಹದಿನೇಳನೇ ಸಿ.ಡಿ. ಕೆಟ್ಟಿಲ್ಲ. ಅದು ಕುರುಡನ ಆಟ. ಪರದೆ ಕಪ್ಪಾಗಿರುವುದೇ ಆಟ. ಆಡುವವನು ಒಬ್ಬ ಕುರುಡ, ಕೈಯಲ್ಲಿ ಕೋಲು. ಕೋಲು ತಾಗಿದ ಸದ್ದಿನಿಂದಲೇ ಗೋಡೆ ಯಾವುದು, ಬಾಗಿಲು ಯಾವುದು, ಎದುರಿಗೆ ನಿಂತವರು ಯಾರು ಎಂದು ತಿಳಿದುಕೊಂಡು ಒಂದು ದೊಡ್ಡ ಮನೆಯಿಂದ ಹೊರಗೆ ಬರಬೇಕು. ಅಂಗಡಿಯ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮುರಿಗೆಪ್ಪನವರು ಅದನ್ನು ಎರಡು ಸಲ ಕೊಲ್ಹಾಪುರಕ್ಕೆ ವಾಪಸ್ ಒಯ್ದು, ಬದಲಿ ತಂದು, ಅದೂ ಕಪ್ಪೇ ಎಂದು ಅಂಗಡಿಯವನನ್ನು ಬೈದಿದ್ದರು. ನಾನು ಟೀವಿಗೆ ಕಿವಿ ಹಚ್ಚಿ ಆಡುತ್ತಿದ್ದೆ, ತಾವೆಲ್ಲ ನಗುತ್ತಿದ್ದಿರಿ. ಹೆಡ್‌ಫೋನ್ ಹಾಕಿಕೊಂಡು ಆಡಿ ನೋಡಿ. ಆ ಸುಳ್ಳು ವಿಡಿಯೋ ತೆಗೆಯಿರಿ. ಆ ಆಟಕ್ಕೆ ಅಷ್ಟಾದರೂ ನ್ಯಾಯ ಸಿಗಲಿ.

ಇಪ್ಪತ್ತೆರಡನೆಯದು ಸಿಗ್ನಲ್ ಆಟ. ಸಣ್ಣ ಸ್ಟೇಷನ್ನಿನಲ್ಲಿ ಒಬ್ಬ ಸಿಗ್ನಲ್ ಹಾಕುವವನು, ಬರುವ ಗಾಡಿ, ಹೋಗುವ ಗಾಡಿ. ತಾವು ಅದನ್ನು ಬೇಸರದ ಆಟ ಎಂದು ಕರೆದಿದ್ದೀರಿ. ಗಾಡಿ ತಡವಾದಾಗ ಪ್ಲಾಟ್‌ಫಾರ್ಮ್ ಮೇಲೆ ಯಾರು ಕಾಯುತ್ತ ಕೂತಿದ್ದಾರೆ ಎಂಬುದನ್ನು ತಾವು ಒಮ್ಮೆಯೂ ನೋಡಿಲ್ಲ. ಒಬ್ಬ ಮುದುಕಿ ದಿನಾ ಅದೇ ಬೆಂಚಿನ ಮೇಲೆ ಇರುತ್ತಾಳೆ, ಯಾವ ಗಾಡಿಯನ್ನೂ ಹತ್ತುವುದಿಲ್ಲ. ಘಟಪ್ರಭಾ ಸ್ಟೇಷನ್ನಿನಲ್ಲಿ ಒಂದು ತಾಸು ಸುಮ್ಮನೆ ಕೂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ತಾವು ಬಿಟ್ಟುಬಿಡೋಣ ಎಂದ ಆ ಹಳೇ ವಿಷಯ. ಬಿಡುವ ಮೊದಲು ಏನನ್ನು ಬಿಡುತ್ತಿದ್ದೇವೆ ಎಂಬುದು ಬರಹದಲ್ಲಿರಲಿ. 2010ರ ಫೆಬ್ರವರಿ, ಒಂದು ಸೋಮವಾರ. ಮೆಮರಿ ಕಾರ್ಡು ಡ್ರಾವರಿನಲ್ಲಿರಲಿಲ್ಲ. ಹಿಂದಿನ ದಿನ ನಾನು "ಕಾಕಾ, ಒಮ್ಮೆ ಕಾರ್ಡ್ ಕೊಡ್ರಿ, ದೋಣಿ ಆಟ ಮುಂದಕ್ಕ ಹೋಗವಲ್ದು" ಎಂದು ಕೇಳಿದ್ದೆ, ಅಷ್ಟೇ ಸಾಕಾಯಿತು. ಅಂಗಡಿಯಲ್ಲಿ ಹನ್ನೊಂದು ಹುಡುಗರಿದ್ದೆವು. ಹತ್ತು ಮಂದಿಯ ಚೀಲ ಯಾರೂ ನೋಡಲಿಲ್ಲ. ನನ್ನ ಚೀಲ ನೋಡಿದರು. ಸಿಗದಿದ್ದಾಗ, ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ನನ್ನ ಅವ್ವನನ್ನು ಕರೆಸಿದರು. "ನಿನ್ನ ಮಗಾ ನಿನ್ನ ಕಡೆ ಕೊಟ್ಟಿರಬೇಕು, ಚೀಲ ಝಾಡಿಸು ಗುಡ್ಡವ್ವ" ಅಂದರು ತಮ್ಮ ಕಾಕಾ. ಅವ್ವ ಎಲ್ಲರ ಮುಂದೆ ಕೈಚೀಲ ಮಗುಚಿದಳು. ನಮಗೆಂದು ತರುತ್ತಿದ್ದ ಎರಡು ರೊಟ್ಟಿ ನೆಲಕ್ಕೆ ಬಿದ್ದವು. "ಇವೂ ಹಾಸ್ಟೆಲ್ಲಿನ್ವ ಏನು?" ಎಂದು ಕೇಳಿದರು.

ತಾವು ಡ್ರಾವರಿನ ಪಕ್ಕದಲ್ಲೇ ನಿಂತಿದ್ದಿರಿ. ಮುಂದಿನ ತಿಂಗಳು ಅವ್ವ ಹಾಸ್ಟೆಲ್ ಬಿಟ್ಟಳು, ನಾವು ಮೂಡಲಗಿಗೆ ಹೋದೆವು.

ಆ ಕಾರ್ಡನ್ನು ಯಾವನೋ ಒಯ್ದ, ಅವನೂ ನಮ್ಮಂಥ ಹುಡುಗನೇ ಇದ್ದಿರಬೇಕು, ಹೋಗಲಿ. ಆದರೆ ನೀನು ಯಾಕೋ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ? "ಶುಭ್ಯಾ ಹಂತಾವ ಅಲ್ಲ" ಅನ್ನಲು ನಿನಗೆ ಎಷ್ಟು ಉಸಿರು ಬೇಕಿತ್ತು? ನೋಡು, ತಾವು ಎಂದು ಶುರು ಮಾಡಿದ ಪತ್ರ ಎಲ್ಲಿಗೆ ಬಂತು. ಇಲ್ಲಿಗೇ ನಿಲ್ಲಿಸುತ್ತೇನೆ.

ಜೈ ಭೀಮ್.
ಶುಭಮ್


ಗೋಕಾಕ,
ಜುಲೈ 12, 2024

ಶುಭಮ್,

ನಿನ್ನ ಪತ್ರ ಓದಿ ಎರಡು ದಿನ ಅಂಗಡಿಯಲ್ಲಿ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ. ನೀನು ಬರೆದದ್ದು ಸುಳ್ಳಲ್ಲ. ಆದರೆ ನನಗಾಗ ಹದಿನಾರು ವರ್ಷ. ಅಪ್ಪ ತೀರಿದ ಮೇಲೆ ಕಾಕಾನ ಮನೆಯಲ್ಲಿ ಬೆಳೆದವನು ನಾನು, ಅವರ ಎದುರು ನಿಂತು ಮಾತಾಡುವ ಧೈರ್ಯ ನಮ್ಮ ಮನೆಯಲ್ಲಿ ದೊಡ್ಡವರಿಗೇ ಇರಲಿಲ್ಲ. ನನ್ನೊಬ್ಬನನ್ನೇ ಯಾಕೆ ಹಿಡಿದುಕೊಂಡಿದ್ದೀ? ಅಲ್ಲಿ ಹತ್ತು ಮಂದಿ ಇದ್ದರು, ಯಾರೂ ಮಾತಾಡಲಿಲ್ಲ.

ಅದಿರಲಿ. ಕುರುಡನ ಆಟ ಆಡಿದೆನೋ! ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿಕೊಂಡೇ ಆಡಿದೆ. ಮೂರನೇ ಕೋಣೆಯಲ್ಲಿ ಯಾರೋ ಪಕ್ಕದಲ್ಲೇ ಉಸಿರಾಡಿದಂತಾಗಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಇಂಥ ಆಟವನ್ನು ಕೆಟ್ಟ ಸಿ.ಡಿ. ಎಂದು ಊರಿಗೆಲ್ಲ ಹೇಳಿದೆನಲ್ಲ ಎಂದು ನಾಚಿಕೆಯಾಯಿತು. ಹಳೇ ವಿಡಿಯೋ ತೆಗೆದು ಹೊಸದು ಹಾಕಿದ್ದೇನೆ, ಮುನ್ನೂರು ಚಿಲ್ಲರೆ ಜನ ನೋಡಿದ್ದಾರೆ. ಬಾಗಲಕೋಟೆಯ ಒಬ್ಬ ಕುರುಡ ಹುಡುಗ, ನಿಜವಾಗಿಯೂ ಕಣ್ಣು ಕಾಣದವನು, ಆಟವನ್ನು ನೆಟ್ಟಿನಲ್ಲಿ ಹುಡುಕಿ ಇಳಿಸಿಕೊಂಡು ಆಡಿದನಂತೆ, ತಾನು ಅಣ್ಣನನ್ನು ಸೋಲಿಸಿದ ಮೊದಲ ಆಟ ಇದು ಎಂದು ಧ್ವನಿ ಸಂದೇಶ ಕಳಿಸಿದ. ಸಿಗ್ನಲ್ ಆಟವನ್ನೂ ಮತ್ತೆ ಆಡುತ್ತಿದ್ದೇನೆ. ಆ ಮುದುಕಿ ಬೆಂಚಿನಿಂದ ಏಳುವುದೇ ಇಲ್ಲ.

ಮುಂದಿನ ವಿಡಿಯೋ ದೋಣಿ ಆಟದ್ದು. ಅದರ ನಂಬರು ಮರೆತಿಲ್ಲ, ಆದರೆ ಸಿ.ಡಿ.ಗೆ ಗೀರು ಬಿದ್ದು ಈಗ ಮೊದಲ ಚಿತ್ರವೂ ಬರುವುದಿಲ್ಲ. ಬೇರೆ ಕಡೆ ಎಲ್ಲಿಯೂ ಸಿಗಲಿಲ್ಲ. ಹೀಗಾಗಿ ನೆನಪಿನಿಂದಲೇ ಬರೆದಿದ್ದೇನೆ. ಓದಿ ತಪ್ಪಿದ್ದರೆ ತಿದ್ದು:

"ನೆರೆ ಬಂದು ಮುಳುಗಿದ ಒಂದು ಸೀಮೆ. ಅಂಬಿಗನೊಬ್ಬ ಮನೆಯಿಂದ ಮನೆಗೆ ಹೋಗಿ ಜನರನ್ನು ದಾಟಿಸುತ್ತಾನೆ. ಹೊಡೆದಾಟವಿಲ್ಲ, ಪಾಯಿಂಟ್ ಇಲ್ಲ. ದೋಣಿ ಹತ್ತಿದವರು ತಮ್ಮ ಕಥೆ ಹೇಳುತ್ತಾರೆ. ಜೋರಾಗಿ ಹುಟ್ಟು ಹಾಕಿದರೆ ಅವರ ಮಾತು ಅರ್ಧದಲ್ಲಿರುವಾಗಲೇ ದಡ ಬಂದುಬಿಡುತ್ತದೆ. ಅವಸರ ಮಾಡುವವನಿಗೆ ಈ ಆಟದಲ್ಲಿ ಏನೂ ಸಿಗುವುದಿಲ್ಲ. ಶುರುವಿನಲ್ಲಿ ದೋಣಿಗೆ ಒಂದು ಹೆಸರಿಡಬೇಕು. ನಾವು ಗೆಳೆಯನ ಅವ್ವನ ಹೆಸರಿಟ್ಟಿದ್ದೆವು. ಕೊನೆಯಲ್ಲಿ ನೀರು ಇಳಿದು ದೋಣಿ ಕೆಸರಿನಲ್ಲಿ ನಿಂತುಬಿಡುತ್ತದೆ. ಅಂಬಿಗ ಇಳಿದು ಹಿಂದೆ ನೋಡದೆ ನಡೆದುಹೋಗುತ್ತಾನೆ. ಆಗ ಅವನು ದಾಟಿಸಿದವರೆಲ್ಲ ಒಬ್ಬೊಬ್ಬರಾಗಿ ಬಂದು, ದೋಣಿಯನ್ನು ಹೊತ್ತು ಊರ ನಡುವೆ ತಂದಿಟ್ಟು, ಅದರ ಮೈಮೇಲೆ ಬಣ್ಣದಲ್ಲಿ ಹೆಸರು ಬರೆಯುತ್ತಾರೆ. ಗುಡ್ಡವ್ವ ಎಂದು ಒಂದೊಂದೇ ಇಂಗ್ಲಿಷ್ ಅಕ್ಷರ ಮೂಡುತ್ತದೆ."

ಹೇಗಿದೆ? ಇನ್ನಾದರೂ ಸಿಟ್ಟು ಬಿಡು. ನಿನ್ನಷ್ಟು ಈ ಆಟಗಳನ್ನು ಬಲ್ಲವನು ಈ ಸೀಮೆಯಲ್ಲೇ ಇಲ್ಲ.

ಗುರುಪಾದ


ಹುಕ್ಕೇರಿ,
ಜುಲೈ 20, 2024

ಗುರುಪಾದ,

ದೋಣಿ ಆಟದ ಕೊನೆ ನಿನಗೆ ಹೇಗೆ ಗೊತ್ತು?

ನಾವು ಮೊದಲ ಹಳ್ಳಿ ದಾಟಿರಲಿಲ್ಲ. ಹಾಗಂತ ನೀನೇ ಜೂನಿನ ಪತ್ರದಲ್ಲಿ ಬರೆದಿದ್ದೀ. ಉಳಿಸಿಡಲು ಕಾರ್ಡ್ ಇಲ್ಲದೆ ಆ ಆಟ ಮುಗಿಸಲು ಯಾರಿಗೂ ಸಾಧ್ಯವಿಲ್ಲ, ಅದು ಇಪ್ಪತ್ತು ತಾಸಿನ ಆಟ. ಈಗ ನಿನ್ನ ಸಿ.ಡಿ. ಓಡುವುದಿಲ್ಲ. ಬೇರೆ ಯಾರೋ ಆಡಿದ್ದನ್ನು ಎಲ್ಲೋ ನೋಡಿದೆ ಎನ್ನುತ್ತೀಯೇನು? ಅವರ ದೋಣಿಯ ಮೇಲೆ ನನ್ನ ಅವ್ವನ ಹೆಸರು ಹೇಗೆ ಬಂತು?

ನಾನು ಈ ಪತ್ರವನ್ನು ನಾಲ್ಕು ಸಲ ಓದಿದೆ. ಹೊಲದ ನಕ್ಷೆಯಲ್ಲಿ ಒಂದು ಗೆರೆ ತಪ್ಪಿದ್ದರೆ ಹೇಗೆ ಓದುತ್ತೇನೋ ಹಾಗೆ ಓದಿದೆ. ಬೇರೆ ದಾರಿಯೇ ಇಲ್ಲ. ಕಾರ್ಡ್ ನಿನ್ನ ಹತ್ತಿರ ಇತ್ತು. ನನ್ನ ಅವ್ವ ಚೀಲ ಮಗುಚುವಾಗಲೂ ನಿನ್ನ ಹತ್ತಿರವೇ ಇತ್ತು.

ಹದಿನಾಲ್ಕು ವರ್ಷ ನಾನು ಕಂಡವರ ಮೇಲೆಲ್ಲ ಸಂಶಯಪಟ್ಟೆ. ನಿನ್ನ ಮೇಲೆ ಮಾತ್ರ ಪಡಲಿಲ್ಲ. ನಿನ್ನನ್ನು ಹೇಡಿ ಎಂದುಕೊಂಡಿದ್ದೆ, ಅಷ್ಟೇ.

ಶುಭಮ್


ಗೋಕಾಕ,
ಸೆಪ್ಟೆಂಬರ್ 3, 2024

ಶುಭಮ್,

ಆರು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ.

ಹೌದು, ನಾನೇ ತೆಗೆದಿದ್ದೆ. ಆ ಭಾನುವಾರ ನೀನು ಕಾರ್ಡ್ ಕೇಳಿದಾಗ ಕಾಕಾ "ಕುಸ್ತಿ ಆಡೂದಿದ್ರ ಆಡು, ಇಲ್ಲಂದ್ರ ಜಾಗಾ ಖಾಲಿ ಮಾಡು" ಅಂದರಲ್ಲ, ನೀನು ತಲೆ ತಗ್ಗಿಸಿಕೊಂಡು ಹೋದೆ. ನನಗೆ ಬಹಳ ಕೆಟ್ಟೆನಿಸಿತು. ನೀನು ಹೋದ ಮೇಲೆ ನಾನೇ ಕಾಕಾನ ಕೀಲಿಯಿಂದ ಡ್ರಾವರ್ ತೆಗೆದು ಕಾರ್ಡನ್ನು ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡೆ. ಸೋಮವಾರ ಸಾಲಿ ಬಿಟ್ಟ ಮೇಲೆ ನಿನಗೆ ತೋರಿಸಿ, "ನಡಿ, ಇನ್ನ ಮೊದಲಿನಿಂದ ಆಡೂದ ಬ್ಯಾಡ" ಅನ್ನಬೇಕೆಂದಿದ್ದೆ. ನಿನಗಾಗಿಯೇ ತೆಗೆದಿದ್ದೆ. ನೀನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ನಾವು ಅಂಗಡಿಗೆ ಬರುವಷ್ಟರಲ್ಲಿ ಕಾಕಾ ಡ್ರಾವರ್ ತೆರೆದು ಕೂಗಾಡುತ್ತಿದ್ದರು. ನಿನ್ನ ಹೆಸರು ಬಂತು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ನಿಂತೆ. ನಿನ್ನ ಅವ್ವ ಬಂದರು. ರೊಟ್ಟಿ ಬಿದ್ದವು. ಆಮೇಲೆ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಭಯ. ಆ ಭಯ ದಿನದಿಂದ ದಿನಕ್ಕೆ ದೊಡ್ಡದಾಯಿತು.

ಇನ್ನೊಂದು ಮಾತು. ಕಾಕಾ ಸಂಕೇಶ್ವರದ ಮಗಳ ಮನೆಗೆ ಹೋದಾಗಲೆಲ್ಲ ನಾನು ಆ ಕಾರ್ಡ್ ಹಾಕಿ ದೋಣಿ ಆಟ ಆಡಿದೆ. ಮೇ ತಿಂಗಳಲ್ಲಿ ಮುಗಿಯಿತು. ಹೆಸರು ಮೂಡುವಾಗ ಟೀವಿ ಆರಿಸಿ ಹೊರಗೆ ಹೋಗಿ ಕೂತೆ. ಕಾರ್ಡನ್ನು ಕಾಲುವೆಗೆ ಎಸೆದೆ.

ಚಾನೆಲ್ ಮುಚ್ಚುತ್ತೇನೆ. ಮಷಿನ್, ಸಿ.ಡಿ., ಎಲ್ಲ ನಿನಗೆ ಕಳಿಸಿಕೊಡುತ್ತೇನೆ. ಮತ್ತೇನು ಮಾಡಲಿ ಹೇಳು, ಅದನ್ನೇ ಮಾಡುತ್ತೇನೆ.

ಗುರುಪಾದ


ಹುಕ್ಕೇರಿ,
ಸೆಪ್ಟೆಂಬರ್ 15, 2024

ಗುರುಪಾದ,

ಚಾನೆಲ್ ಮುಚ್ಚಬೇಡ. ಆ ಆಟಗಳು ನಿನಗೇನು ಮಾಡಿವೆ? ಮೊದಲೇ ಅವನ್ನು ಯಾರೂ ಕೇಳುವವರಿಲ್ಲ, ನೀನೂ ಕೈಬಿಟ್ಟರೆ ಮುಗಿಯಿತು. ಮಷಿನ್ನೂ ನನಗೆ ಬೇಡ.

ನೀನು ಮೂಡಲಗಿಗೆ ಹೋಗು. ಅವ್ವ ಈಗ ಅಕ್ಕ ಪೂನಮ್‌ಳ ಮನೆಯಲ್ಲಿದ್ದಾಳೆ. ಅಕ್ಕ ಅಲ್ಲಿ ನರ್ಸ್. ಸಂತೆ ಬಯಲಿನಿಂದ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಅವ್ವನ ಎದುರು ಕೂತು, ಕಾರ್ಡ್ ನಾನು ಒಯ್ದದ್ದು ಎಂದು ನಿನ್ನ ಬಾಯಿಂದ ಹೇಳು. ನನಗೆ ಬೇಕಾದದ್ದು ಅಷ್ಟೇ.

ಯಾಕೆ ಎಂದು ಕೇಳುತ್ತೀಯಾ? ನಾನು ಕದ್ದಿಲ್ಲ ಎಂದು ಅವ್ವನಿಗೆ ಎಷ್ಟೋ ಸಲ ಹೇಳಿದೆ. ಅವಳು ತಲೆಯಾಡಿಸುತ್ತಾಳೆ, ಮಾತು ಬದಲಿಸುತ್ತಾಳೆ. ನನಗೆ ಸರ್ವೇಯರ್ ಲೈಸನ್ಸ್ ಬಂದ ದಿನ ಮನೆಯಲ್ಲಿ ಪೇಡೆ ಹಂಚಿದೆವು. ನೆಂಟರೆಲ್ಲ ಇದ್ದರು. ಅವ್ವ ನನ್ನನ್ನು ಒಳಗೆ ಕರೆದು, ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಅಂದಳು: "ಮಂದೀ ಹೊಲಾ ಮನಿ ತಿರುಗಾಡಾವ ಆದಿ. ಇನ್ನ ಯಾರದೂ ಏನೂ ಮುಟ್ಟಬ್ಯಾಡಪಾ."

ಅವತ್ತಿನಿಂದ ನನಗೆ ಯಾವ ಪೇಡೆಯೂ ರುಚಿಸಿಲ್ಲ. ನನ್ನ ಮಾತು ಅವಳಿಗೆ ಸಾಕ್ಷಿಯಲ್ಲ. ನಿನ್ನದು ಆದೀತು. ಹೋಗು.

ಶುಭಮ್


ಗೋಕಾಕ,
ಅಕ್ಟೋಬರ್ 6, 2024

ಶುಭಮ್,

ಹೋಗಿದ್ದೆ. ನಿನ್ನೆ. ಏನಾಯಿತೆಂದು ಮುಚ್ಚಿಡದೆ ಬರೆಯುತ್ತೇನೆ.

ಮೊದಲು ಕಾಕಾನಿಗೆ ಹೇಳಿದೆ. ಅವರಿಗೆ ಹೇಳಿ ಹೋದರೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಪೇಪರಿನಿಂದ ತಲೆ ಎತ್ತದೆ, "ಹುಡುಗರ ಕಾಲದ ಮಾತು, ಈಗ್ಯಾಕ ಕೆದಕತಿ? ಮುಂದ ಹೊಸಾ ಕಾರ್ಡ್ ತಂದಿದ್ನಲ್ಲ, ಮುಗೀತು" ಅಂದರು. ಅವರ ಪಾಲಿಗೆ ಹೋದದ್ದು ಕಾರ್ಡ್ ಮಾತ್ರ.

ಮೂಡಲಗಿಯಲ್ಲಿ ನಿನ್ನ ಅವ್ವನೇ ಬಾಗಿಲು ತೆಗೆದರು. ಗುರುತು ಹಿಡಿದುಬಿಟ್ಟರು. "ಬಾ ತಮ್ಮಾ, ಎಷ್ಟ ವರ್ಷಾತು ನಿನ್ನ ನೋಡಿ" ಎಂದು ಕೈಕಾಲಿಗೆ ನೀರು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ತಾಟು ಬಂತು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಎದುರಿಗೆ ಕೂತು ಅವರೇ ಮಾತು ತೆಗೆದರು. "ಮುರಿಗೆಪ್ಪ ಸಾವ್ಕಾರ ಆರಾಮ ಅದಾರಿಲ್ಲೊ? ಅವರ ಸಾಮಾನ ಹೋದದ್ದ ನೆನಸ್ಕೊಂಡ್ರ ಇವತ್ತಿಗೂ ನನಗ ಮಾರಿ ಎತ್ತಾಕ ಆಗೂದಿಲ್ಲ. ಹುಡುಗ ತಪ್ಪ ಮಾಡಿದ್ದ, ಈಗ ಸುಧಾರಿಸ್ಯಾನ, ಸರಕಾರದ ಕೆಲಸದಾಗ ತಿರಗತಾನ ಅಂತ ಹೇಳು ಅವರಿಗೆ. ನೀನೂ ಮನಸಿನ್ಯಾಗ ಇಟಗೋಬ್ಯಾಡ ತಮ್ಮಾ."

ನನ್ನ ಬಾಯಲ್ಲಿ ತುತ್ತು ಇತ್ತು. ಅದನ್ನು ನುಂಗಿದೆ. "ಆತ್ರಿ ಯವ್ವಾ" ಅಂದೆ. ಎದ್ದು ಬಂದೆ.

ನನಗೆ ನನ್ನ ಮೇಲೇ ಹೇಸಿಗೆಯಾಗಿದೆ. ಇನ್ನೊಂದು ಸಲ ಅವಕಾಶ ಕೊಡು.

ಗುರುಪಾದ


ಹುಕ್ಕೇರಿ,
ಅಕ್ಟೋಬರ್ 11, 2024

ಗುರುಪಾದ,

ನನ್ನ ಅವ್ವ ನಿನ್ನ ಹತ್ತಿರ ಕ್ಷಮೆ ಕೇಳಿದಳು. ನೀನು ಆತ್ರಿ ಅಂದು, ಉಂಡು ಬಂದೆ.

ಇದಕ್ಕಿಂತ ಹೆಚ್ಚು ಬರೆದರೆ ಬಾಯಿಗೆ ಬರಬಾರದ್ದು ಬರುತ್ತದೆ. ಅವಕಾಶ ಕೊಡುವವನು ನಾನಲ್ಲ. ಅಲ್ಲಿ ಹೇಳುವವರೆಗೆ ಇಲ್ಲಿಗೆ ಬರೆಯಬೇಡ.

ಶುಭಮ್


ಗೋಕಾಕ,
ನವೆಂಬರ್ 10, 2024

ಶುಭಮ್,

ಹೇಳಿದೆ.

ದೀಪಾವಳಿ ಕಳೆದು ಒಂದು ವಾರಕ್ಕೆ ಹೋದೆ. ಈ ಸಲ ಒಳಗೆ ಕೂಡಲಿಲ್ಲ. ನಿನ್ನ ಅವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ: "ಯವ್ವಾ, ಕಾರ್ಡ್ ಶುಭ್ಯಾ ಒಯ್ದಿಲ್ಲ. ನಾ ಒಯ್ದಿದ್ದೆ. ನೀವು ಚೀಲ ಝಾಡಿಸುಮುಂದ ಅದು ನನ್ನ ಕಂಪಾಸಿನ್ಯಾಗ ಇತ್ತು. ಹೋದ ಸಲ ಇದನ್ನ ಹೇಳಾಕ ಬಂದಿದ್ದೆ, ಬಾಯಿ ಬರಲಿಲ್ಲ."

ಅವರ ಕೈ ನಿಲ್ಲಲಿಲ್ಲ. "ಮತ್ತೊಮ್ಮಿ ಹೇಳು" ಅಂದರು. ಹೇಳಿದೆ. "ಪೂನಮ್, ಹೊರಗ ಬಾ. ಆಕಿ ಮುಂದನೂ ಹೇಳು" ಅಂದರು. ಮೂರನೆಯ ಸಲ ಹೇಳಿದೆ. ಪೂನಮಕ್ಕ ನನ್ನ ಮೇಲೆ ಏರಿ ಬಂದಳು. "ನಮ್ಮ ಮನ್ಯಾಗ ಕುಂತ ಉಂಡ ಹೋದ್ಯಲ್ಲೋ, ನಾಚಿಕಿ ಆಗಲಿಲ್ಲ ನಿನಗ?" ಎಂದು ಕೂಗಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

ನಿನ್ನ ಅವ್ವ ಅವಳನ್ನು ತಡೆದರು. "ಅವನ್ನ ಬೈಬ್ಯಾಡ. ಅವಾ ಸುಮ್ಮನ ನಿಂತಿದ್ದ. ಹೊಡದಾಕಿ ನಾ" ಅಂದರು. ಆಮೇಲೆ ನನ್ನನ್ನಲ್ಲ, ಮೆಣಸಿನಕಾಯಿಯ ಬುಟ್ಟಿಯನ್ನು ನೋಡುತ್ತ ಹೇಳಿದರು: "ಅವತ್ತ ಮನಿಗೆ ಹೋಗಿ ಒಲಿ ಊದೂ ಕೊಳವಿಲೆ ಹೊಡದ್ನಿ. ಕದ್ದಿಲ್ಲಬೇ ಅಂತ ಅಂದಷ್ಟೂ ಹೊಡದ್ನಿ, ಸುಳ್ಳ ಬ್ಯಾರೆ ಹೇಳತಾನಂತ. ಕಡೀಕ ಹೂಂ ಕದ್ದೇನಿ ಅಂದ. ಆಗ ಬಿಟ್ಟೆ."

ನೀನು ಇದನ್ನು ನನಗೆ ಯಾವತ್ತೂ ಬರೆಯಲಿಲ್ಲ, ಶುಭಮ್.

ಅವರು ಎದ್ದು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಹುಕ್ಕೇರಿಗೆ ಯಾವ ಬಸ್ಸು ಎಂದು ಪೂನಮಕ್ಕನನ್ನು ಕೇಳಿದರು. ಅಕ್ಕ ಇವತ್ತು ಬೇಡ, ಗುರುವಾರ ನಾನೇ ಹತ್ತಿಸುತ್ತೇನೆ ಎಂದು ಬಲವಂತದಿಂದ ನಿಲ್ಲಿಸಿದಳು. ನಾನು ಗಾಡಿಯಲ್ಲಿ ಬಿಡುತ್ತೇನೆ ಎಂದೆ. "ನಿನ್ನ ಗಾಡಿ ಬ್ಯಾಡ" ಅಂದರು.

ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಆಗಿಲ್ಲ. ನಿನಗಾದರೂ ಆಗಲಿ ಎಂದು ಬರೆಯುತ್ತಿದ್ದೇನೆ.

ಗುರುಪಾದ


ಹುಕ್ಕೇರಿ,
ನವೆಂಬರ್ 17, 2024

ಗುರುಪಾದ,

ನಿನ್ನ ಪತ್ರ ಶುಕ್ರವಾರ ಸಿಕ್ಕಿತು, ಅವ್ವ ಬಂದ ಮರುದಿನ. ನನ್ನ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಸುಳ್ಳು ಬರೆಯಲಾರೆ. ಆದರೆ ಗುರುವಾರ ನಡೆದದ್ದನ್ನು ನೀನು ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಬೆಲ್ಲದ ಬಾಗೇವಾಡಿಯಲ್ಲಿ ಒಂದು ಹೊಲದ ಹದ್ದುಬಸ್ತಿನ ಅಳತೆ ಇತ್ತು. ಒಂದು ಕಡೆ ಅಲ್ಲಪ್ಪ ಎಂಬ ಹಿರಿಯರು, ಇನ್ನೊಂದು ಕಡೆ ಬಸವಣ್ಣೆಪ್ಪ ಮತ್ತು ಅವರ ಮಕ್ಕಳು. ಒಂದು ಮೊಳ ಜಾಗಕ್ಕೆ ಎಂಟು ವರ್ಷದ ಜಗಳ. ಹತ್ತು ಹನ್ನೆರಡು ಜನ ಬದುವಿನ ಮೇಲೆ ನಿಂತು ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದರು. ಇಬ್ಬರೂ ನಾನು ಎದುರಿನವನ ಕಡೆಯವನು ಎಂದೇ ಬಗೆದಿದ್ದರು. ಬೆಳಗಿನಿಂದ ನನಗೆ ಸಾಕುಸಾಕಾಗಿ ಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕಬ್ಬಿನ ಪಕ್ಕದ ಕಾಲುದಾರಿಯಲ್ಲಿ ಅವ್ವ ಬರುವುದು ಕಂಡಿತು. ಆಫೀಸಿಗೆ ಹೋಗಿ ವಿಚಾರಿಸಿ, ಇನ್ನೊಂದು ಬಸ್ಸು ಹಿಡಿದು, ಎರಡು ಮೈಲು ನಡೆದು ಬಂದಿದ್ದಳು. "ಯಾಕಬೇ, ಯಾರಿಗರ ಏನರ ಆಗೇತೇನ?" ಎಂದು ಓಡಿದೆ.

ಅವ್ವ ನನ್ನ ಮುಖ ನೋಡಲಿಲ್ಲ. ನೆಟ್ಟಗೆ ಬದುವಿನ ಮೇಲೆ ಹತ್ತಿ ಆ ಜನರ ನಡುವೆ ನಿಂತಳು. "ಕೇಳ್ರೆಪಾ ಎಲ್ಲಾರೂ. ಈ ನನ್ನ ಮಗಾ ಕದ್ದಿಲ್ಲ. ಅವಾ ಯಾರದೂ ಏನೂ ಮುಟ್ಟಿಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಬಸವಣ್ಣೆಪ್ಪನವರ ಮಗ ಗಾಬರಿಯಾಗಿ, "ಸರ್ವೇಯರ್ ಸಾಹೇಬ್ರ ಮ್ಯಾಲ ಯಾರರ ಅರ್ಜಿ ಕೊಟ್ಟಾರೇನ್ರಿ? ನಾವಂತೂ ಕೊಟ್ಟಿಲ್ಲ" ಅಂದ. ನಾನು ನಾಚಿಕೆಯಿಂದ ಸತ್ತೆ. "ಸಾಕ ನಡಿಯಬೇ" ಎಂದು ತೋಳು ಹಿಡಿದೆ. ಕೊಡವಿಕೊಂಡಳು. ಆ ಮಾತನ್ನು ಗೋಕಾಕದ ಆ ಅಂಗಡಿಯಲ್ಲಿ, ನಿನ್ನ ಕಾಕಾನ ಎದುರು, ಆ ಹತ್ತು ಹುಡುಗರ ಎದುರು ಹೇಳಬೇಕಿತ್ತು. ಕೇಳಬೇಕಾದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಏನೂ ಗೊತ್ತಿಲ್ಲದ, ನಮ್ಮ ಸಂಬಂಧವೇ ಇಲ್ಲದ ಜನ ಬಿಸಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು.

ಆಗ ಅಲ್ಲಪ್ಪನವರು ಮುಂದೆ ಬಂದರು. ಹಿರಿಯರು, ಏನು ತಿಳಿದುಕೊಂಡರೋ, ಮೆತ್ತಗೆ ಕೇಳಿದರು: "ಇಂಥಾ ಹುಡುಗಗ ಕಳ್ಳ ಅಂದವ್ರು ಯಾರವಾ? ಹೆಸರ ಹೇಳು."

ಅವಳು ನಿನ್ನ ಕಾಕಾನ ಹೆಸರು ಹೇಳುತ್ತಾಳೆ ಎಂದುಕೊಂಡೆ. ಅಥವಾ ನಿನ್ನದು. ಹದಿನಾಲ್ಕು ವರ್ಷದಿಂದ ಆ ಹೆಸರು ಅವಳ ಬಾಯಿಂದ ಕೇಳಬೇಕೆಂದು ಕಾದಿದ್ದವನು ನಾನು.

"ನಾನ ಅಂದಿದ್ನೆಪಾ" ಅಂದಳು ಅವ್ವ.

ಶುಭಮ್